ಬನವಾಸಿಯನ್ನು ಮರೆಯದ ಪಂಪ

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಬಗೆಯ ನೆನಪುಗಳು ಒಟ್ಟಿಗೆ ಬರುತ್ತವೆ. 1ನೇ ತಾರೀಕಿಗೆ ಕನ್ನಡ ರಾಜ್ಯೋತ್ಸವ. ಮರುದಿನ ಮೃತ ವಿಶ್ವಾಸಿಗಳ ಸ್ಮರಣೆ. ಮುಂಬೈಯಲ್ಲಿರುವವರು, ಬೆಂಗಳೂರಿನಲ್ಲಿರುವವರು, ರಜೆ ಸಿಕ್ಕರೆ ಗಲ್ಫ್‌ನಲ್ಲಿರುವವರೂ ಊರಿಗೆ ಬಂದು ಹಿರಿಯರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಬದುಕು ಎಲ್ಲೋ ಇದೆ, ಮನಸ್ಸಿನ ಬೇರು ಇನ್ನೆಲ್ಲೋ ಇದೆ ಎಂಬುದು ಆ ದಿನ ಎದ್ದು ಕಾಣುತ್ತದೆ.

ಅದೇ ವಾರ ರಾಜ್ಯೋತ್ಸವದ ವೇದಿಕೆಗಳಲ್ಲಿ ಆದಿಕವಿ ಪಂಪನ ಹೆಸರು ಕೇಳಿಬರುತ್ತದೆ. ಅಂಕುಶದಿಂದ ತಿವಿದರೂ ತನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎಂದು ಹಾಡಿದವನು ಅವನು. ಶಾಲೆಗೆ ಹೋದ ಪ್ರತಿಯೊಬ್ಬ ಕನ್ನಡಿಗನಿಗೂ ಈ ಮಾತು ಗೊತ್ತು. ಆದರೆ ಅದನ್ನು ಬರೆಯುವಾಗ ಪಂಪ ಬನವಾಸಿಯಲ್ಲಿ ಇರಲಿಲ್ಲ, ಅಲ್ಲಿಂದ ಸುಮಾರು 600 ಕಿಲೋಮೀಟರ್ ದೂರದ ತೆಲುಗು ನಾಡಿನಲ್ಲಿ ಇದ್ದನು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಊರು ಬಿಟ್ಟು ಬಾಳಿದ ಈ ಮಹಾಕವಿಯ ಬದುಕನ್ನು ಊರು ಬಿಟ್ಟವರೇ ಹೆಚ್ಚಾಗಿರುವ ನಾವು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ಅಳ್ನಾವರದಿಂದ ಎರಡು ದಾರಿ

ಪಂಪನ ಬದುಕಿಗೆ ಸಂಬಂಧಿಸಿದ ಎರಡು ಊರುಗಳನ್ನು ನೋಡಬೇಕೆನ್ನುವವರಿಗೆ ಅಳ್ನಾವರ ಒಳ್ಳೆಯ ನಿಲ್ದಾಣ. ಇದು ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚು. ಇಲ್ಲಿಗೆ ಬಯಲುಸೀಮೆ ಮುಗಿದು ಕಾಡು ಶುರುವಾಗುತ್ತದೆ. ಇಲ್ಲಿಂದ ಪೂರ್ವಕ್ಕೆ ಹೋಗುವ ರೈಲು ಧಾರವಾಡ, ಹುಬ್ಬಳ್ಳಿ ದಾಟಿ ಗದಗಿನ ದಾರಿಯಲ್ಲಿ ಅಣ್ಣಿಗೇರಿಯನ್ನು ಮುಟ್ಟುತ್ತದೆ. ಅದು ಕಪ್ಪು ಎರೆಭೂಮಿಯ ನಾಡು. ಅಳ್ನಾವರದಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಹಳಿಯಾಳ, ಯಲ್ಲಾಪುರ, ಶಿರಸಿಯ ಕಾಡುಗಳನ್ನು ಹಾದು ವರದಾ ನದಿಯ ದಂಡೆಯ ಬನವಾಸಿಗೆ ಒಯ್ಯುತ್ತದೆ. ಅಣ್ಣಿಗೇರಿ ಪಂಪನ ತಾಯಿಯ ಊರು. ಬನವಾಸಿ ಅವನ ಮನಸ್ಸಿನ ಊರು. ಅವನಿಗೆ ಅನ್ನ ಕೊಟ್ಟ ಊರು ಮಾತ್ರ ಇವೆರಡೂ ಅಲ್ಲ.

ವೆಂಗಿಯಿಂದ ಹೊರಟ ಮನೆತನ

ಪಂಪ ಹುಟ್ಟಿದ್ದು ಕ್ರಿ.ಶ. 902ರಲ್ಲಿ. ಅವನ ಪೂರ್ವಿಕರು ಪೂರ್ವ ಕರಾವಳಿಯ ವೆಂಗಿ ಮಂಡಲದವರು, ಅಂದರೆ ಇಂದಿನ ಆಂಧ್ರಪ್ರದೇಶದ ಕೃಷ್ಣಾ ಗೋದಾವರಿ ಸೀಮೆಯವರು. ಯಜ್ಞಯಾಗಗಳಿಗೆ ಹೆಸರಾದ ವೈದಿಕ ಬ್ರಾಹ್ಮಣ ಮನೆತನ ಅದು. ವಂಶದ ಹಿರಿಯನಾದ ಮಾಧವ ಸೋಮಯಾಜಿಯ ಹೆಸರನ್ನು ಪಂಪ ಗೌರವದಿಂದ ಹೇಳುತ್ತಾನೆ. ಆ ವಂಶದಲ್ಲಿ ಬಂದ ಭೀಮಪಯ್ಯ ಪಂಪನ ತಂದೆ. ಅವನು ಜೈನಧರ್ಮವನ್ನು ಸ್ವೀಕರಿಸಿದನು. ಹೀಗೆ ಈ ಮನೆತನ ನಾಡನ್ನೂ ಬದಲಿಸಿತು, ಧರ್ಮವನ್ನೂ ಬದಲಿಸಿತು. ಪಂಪ ಇವೆರಡನ್ನೂ ಮುಚ್ಚಿಡಲಿಲ್ಲ. ಅಜ್ಜಂದಿರ ಯಜ್ಞದ ಕೀರ್ತಿಯನ್ನೂ ತಂದೆಯ ಜಿನಭಕ್ತಿಯನ್ನೂ ತನ್ನ ಕಾವ್ಯದಲ್ಲಿ ಅಕ್ಕಪಕ್ಕದಲ್ಲಿಯೇ ಇಟ್ಟನು.

ತಾಯಿ ಅಬ್ಬಣಬ್ಬೆ. ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನೆಂಬವನ ಮನೆತನದವಳು. ಬೆಳ್ವೊಲವೆಂದರೆ ಇಂದಿನ ಧಾರವಾಡ ಮತ್ತು ಗದಗ ಜಿಲ್ಲೆಗಳಿಗೆ ಸೇರುವ ಫಲವತ್ತಾದ ಬಯಲು. ಪಂಪನ ಮೈಯಲ್ಲಿ ಹರಿದದ್ದು ಎರಡು ನಾಡುಗಳ ರಕ್ತ. ತಂದೆಯ ಕಡೆಯಿಂದ ತೆಲುಗು ಸೀಮೆ, ತಾಯಿಯ ಕಡೆಯಿಂದ ಕನ್ನಡದ ನಡುನಾಡು.

ಪಂಪ ಹುಟ್ಟಿದ ಊರು ಯಾವುದೆಂಬ ವಿಷಯದಲ್ಲಿ ವಿದ್ವಾಂಸರು ಬಹಳ ವರ್ಷ ಚರ್ಚೆ ಮಾಡಿದ್ದಾರೆ. ಬನವಾಸಿಯ ಮೇಲಿನ ಅವನ ಪ್ರೀತಿಯನ್ನು ಕಂಡವರು ಬನವಾಸಿ ಎಂದರು. ತಾಯಿಯ ಊರನ್ನು ಹಿಡಿದವರು ಅಣ್ಣಿಗೇರಿ ಎಂದರು. ಅವನ ಪೂರ್ವಿಕರನ್ನು ನೋಡಿದವರು ವೆಂಗಿಯತ್ತ ಬೆರಳು ತೋರಿಸಿದರು. ಈ ಚರ್ಚೆಯಿಂದ ಒಂದು ಸಂಗತಿ ಮಾತ್ರ ಸ್ಪಷ್ಟವಾಗುತ್ತದೆ. ಸಾವಿರ ವರ್ಷದ ಮೇಲೂ ಜನ ಒಬ್ಬ ಕವಿಯನ್ನು ತಮ್ಮ ಊರಿನವನು ಎಂದು ಹೇಳಿಕೊಳ್ಳಲು ಬಯಸುತ್ತಿದ್ದರೆ, ಅದಕ್ಕೆ ಕಾರಣ ಅವನು ಹುಟ್ಟಿದ ಮನೆಯಲ್ಲ, ಅವನು ಉಳಿಸಿಹೋದ ನೆನಪು.

ವೇಮುಲವಾಡದ ಆಸ್ಥಾನದಲ್ಲಿ

ಪಂಪನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿ. ವೇಮುಲವಾಡ ಇಂದು ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ. ರಾಜರಾಜೇಶ್ವರ ದೇವಾಲಯಕ್ಕಾಗಿ ಜನ ಅಲ್ಲಿಗೆ ಹೋಗುತ್ತಾರೆ. ಅರಿಕೇಸರಿ ರಾಷ್ಟ್ರಕೂಟ ಚಕ್ರವರ್ತಿಗಳ ಸಾಮಂತ. ಪಂಪ ಅವನಿಗೆ ಕವಿಯೂ ಹೌದು, ಯೋಧನೂ ಹೌದು. ಕೈಯಲ್ಲಿ ಕತ್ತಿ ಹಿಡಿದು ಬಲ್ಲವನಾದ್ದರಿಂದಲೇ ಅವನ ಯುದ್ಧದ ವರ್ಣನೆಗಳು ಕೇಳಿ ಬರೆದಂತಿಲ್ಲ, ಕಂಡು ಬರೆದಂತಿವೆ.

ಅರಿಕೇಸರಿಯನ್ನು ಪಂಪ ಬಾಯಿತುಂಬ ಹೊಗಳುತ್ತಾನೆ. ಆ ಹೊಗಳಿಕೆಯಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ರಾಷ್ಟ್ರಕೂಟ ನಾಲ್ಕನೆಯ ಗೋವಿಂದನ ಕೋಪಕ್ಕೆ ಗುರಿಯಾದ ವಿಜಯಾದಿತ್ಯನೆಂಬ ದೊರೆ ಅರಿಕೇಸರಿಯ ಮರೆಹೊಕ್ಕನು. ಚಕ್ರವರ್ತಿ ಮುನಿದರೂ ಅರಿಕೇಸರಿ ಅವನನ್ನು ಬಿಟ್ಟುಕೊಡಲಿಲ್ಲ. ಮರೆಹೊಕ್ಕವನನ್ನು ಕಾಯ್ದ ಗುಣವನ್ನು ಪಂಪ ದೊರೆಯ ದೊಡ್ಡ ಗುಣವೆಂದು ಎತ್ತಿ ಹೇಳುತ್ತಾನೆ. ತಾನೂ ಬೇರೆ ನಾಡಿನಿಂದ ಬಂದು ಅದೇ ದೊರೆಯ ಆಸರೆಯಲ್ಲಿ ಬಾಳುತ್ತಿದ್ದವನಿಗೆ ಆ ಗುಣದ ಬೆಲೆ ಚೆನ್ನಾಗಿಯೇ ತಿಳಿದಿತ್ತು.

ದೊರೆಯ ಪ್ರೀತಿಗೆ ಕೊರತೆ ಇರಲಿಲ್ಲ. ಕವಿತಾಗುಣಾರ್ಣವ ಎಂಬ ಬಿರುದು ಪಂಪನಿಗಿತ್ತು. ಕಾವ್ಯಕ್ಕೆ ಮೆಚ್ಚಿ ಅರಿಕೇಸರಿ ಅವನಿಗೆ ಧರ್ಮವುರವೆಂಬ ಅಗ್ರಹಾರವನ್ನೇ ಕೊಟ್ಟನು. ಪರನಾಡಿನಲ್ಲಿ ಒಬ್ಬ ಮನುಷ್ಯ ಬಯಸಬಹುದಾದದ್ದೆಲ್ಲ ಅವನಿಗೆ ಸಿಕ್ಕಿತ್ತು. ನೆಲ ಸಿಕ್ಕಿತು, ಗೌರವ ಸಿಕ್ಕಿತು, ದೊರೆಯ ಪಕ್ಕದಲ್ಲಿ ಸ್ಥಾನವೂ ಸಿಕ್ಕಿತು.

ಒಂದು ವರ್ಷ, ಎರಡು ಮಹಾಕಾವ್ಯ

ಕ್ರಿ.ಶ. 941ರ ಸುಮಾರಿಗೆ, 39ರ ಹರೆಯದಲ್ಲಿ, ಪಂಪ ಒಂದೇ ವರ್ಷದೊಳಗೆ ಎರಡು ಕಾವ್ಯಗಳನ್ನು ಬರೆದು ಮುಗಿಸಿದನು. ಆದಿಪುರಾಣಕ್ಕೆ ಮೂರು ತಿಂಗಳು, ವಿಕ್ರಮಾರ್ಜುನ ವಿಜಯಕ್ಕೆ ಆರು ತಿಂಗಳು ಹಿಡಿಯಿತೆಂದು ಅವನೇ ತಿಳಿಸಿದ್ದಾನೆ. ಮೊದಲನೆಯದು ಅವನ ಧರ್ಮದ ಕಾವ್ಯ. ಮೊದಲ ತೀರ್ಥಂಕರ ಆದಿನಾಥನ ಕಥೆ, ಅವನ ಮಕ್ಕಳಾದ ಭರತ ಬಾಹುಬಲಿಯರ ಕಥೆ ಅದರಲ್ಲಿದೆ. ಎರಡನೆಯದು ಲೋಕದ ಕಾವ್ಯ, ಪಂಪಭಾರತವೆಂದು ಹೆಸರಾದ ಮಹಾಭಾರತದ ಕಥೆ.

ಆದಿಪುರಾಣದಲ್ಲಿ ನೆಲಕ್ಕಾಗಿ ಅಣ್ಣತಮ್ಮಂದಿರು ಎದುರು ನಿಲ್ಲುತ್ತಾರೆ. ಗೆದ್ದ ಬಾಹುಬಲಿ ಗೆದ್ದ ನೆಲವನ್ನೇ ಬಿಟ್ಟು ತಪಸ್ಸಿಗೆ ಹೋಗುತ್ತಾನೆ. ಪಂಪಭಾರತದಲ್ಲಿಯೂ ನೆಲಕ್ಕಾಗಿಯೇ ಹೋರಾಟ. ನೆಲವನ್ನು ಆಳುವುದು ಬೇರೆ, ನೆಲವನ್ನು ಪ್ರೀತಿಸುವುದು ಬೇರೆ ಎಂಬುದು ಈ ಎರಡು ಕಾವ್ಯಗಳನ್ನು ಜೊತೆಯಾಗಿ ಓದಿದವರಿಗೆ ತಿಳಿಯುತ್ತದೆ.

ತೆಲುಗು ನಾಡಿನಲ್ಲಿ ಕುಳಿತು ಪಂಪ ಯಾವ ಕನ್ನಡದಲ್ಲಿ ಬರೆದನು? ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಅವನೇ ತಿಳಿಸಿದ್ದಾನೆ. ಪುಲಿಗೆರೆ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಅಣ್ಣಿಗೇರಿಯಿಂದ ದೂರವಿಲ್ಲ. ಅವನಿಗಿಂತ ಸುಮಾರು ನೂರು ವರ್ಷ ಹಿಂದಿನ ಕವಿರಾಜಮಾರ್ಗ ಕೂಡ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಪುಲಿಗೆರೆಯನ್ನು ಹೆಸರಿಸಿತ್ತು. ಸುತ್ತಲೂ ಬೇರೆ ಭಾಷೆ ಕೇಳುತ್ತಿರುವಾಗ ತಾಯಿಯ ಸೀಮೆಯ ಮಾತನ್ನೇ ಅಳತೆಗೋಲಾಗಿ ಇಟ್ಟುಕೊಂಡು ಅವನು ಬರೆದನು. ಮನೆ ಬಿಟ್ಟವನು ಮನೆಯನ್ನು ಹೊತ್ತೊಯ್ಯಲಾರ, ಮನೆಯ ಮಾತನ್ನು ಹೊತ್ತೊಯ್ಯಬಲ್ಲ.

ಅರ್ಜುನನ ಬಾಯಲ್ಲಿ ಬನವಾಸಿ

ಪಂಪಭಾರತದ ಒಂದು ವಿಶೇಷವೆಂದರೆ ಅದರಲ್ಲಿ ಅರ್ಜುನನೇ ಅರಿಕೇಸರಿ. ಅರ್ಜುನನನ್ನು ವರ್ಣಿಸುತ್ತಲೇ ಕವಿ ತನ್ನ ದೊರೆಯನ್ನು ವರ್ಣಿಸುತ್ತಾನೆ. ಕಾವ್ಯದ ನಾಲ್ಕನೆಯ ಆಶ್ವಾಸದಲ್ಲಿ ತೀರ್ಥಯಾತ್ರೆಗೆ ಹೊರಟ ಅರ್ಜುನ ಬನವಾಸಿ ನಾಡಿಗೆ ಬರುತ್ತಾನೆ. ಅಲ್ಲಿಗೆ ಬಂದಾಗ ಕಥೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕವಿ ಆ ನಾಡಿನ ತೋಟಗಳನ್ನೂ ಅಲ್ಲಿಯ ಜನರ ಉದಾರ ಗುಣವನ್ನೂ ವಿದ್ಯೆ ಸಂಗೀತಗಳಲ್ಲಿ ಅವರಿಗಿರುವ ರುಚಿಯನ್ನೂ ಕೊಂಡಾಡುತ್ತಾನೆ. ಮನುಷ್ಯನಾಗಿ ಹುಟ್ಟಿದರೆ ಅಂಥವರ ನಡುವೆ ಹುಟ್ಟಬೇಕು, ಆ ಭಾಗ್ಯವಿಲ್ಲದಿದ್ದರೆ ಅಲ್ಲಿಯ ತೋಟದಲ್ಲಿ ಒಂದು ದುಂಬಿಯೋ ಕೋಗಿಲೆಯೋ ಆಗಿಯಾದರೂ ಹುಟ್ಟಬೇಕು ಎಂಬ ಆಸೆಯನ್ನು ತೋಡಿಕೊಳ್ಳುತ್ತಾನೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಅರ್ಜುನನ ಮನೆ ಇಂದ್ರಪ್ರಸ್ಥದಲ್ಲಿದೆ. ಬನವಾಸಿಯನ್ನು ನೆನೆದು ಕೊರಗಲು ಅವನಿಗೆ ಕಾರಣವೇ ಇಲ್ಲ. ಆ ಹಂಬಲ ಅರ್ಜುನನದಲ್ಲ, ಅರಿಕೇಸರಿಯದೂ ಅಲ್ಲ, ಪಂಪನದೇ. ದೊರೆಯ ಕೀರ್ತಿಗಾಗಿ ಬರೆದ ಕಾವ್ಯದಲ್ಲಿ, ದೊರೆಗೆ ಸಮನೆಂದು ಹೇಳಿದ ನಾಯಕನ ಬಾಯಲ್ಲಿ, ಅವನು ತನ್ನ ಮನೆಯ ನೆನಪನ್ನು ಇಟ್ಟುಬಿಟ್ಟನು. ದೊರೆಯೆದುರು ತನಗೆ ಊರಿನ ನೆನಪಾಗುತ್ತಿದೆ ಎಂದು ನೇರವಾಗಿ ಹೇಳುವುದು ಸುಲಭವಲ್ಲ. ಇಷ್ಟೆಲ್ಲ ಕೊಟ್ಟ ಮೇಲೂ ಇನ್ನೇನು ಕಡಿಮೆಯಾಗಿದೆ ಎಂಬ ಪ್ರಶ್ನೆ ಬಂದೀತು.

ಎರಡನೆಯದಾಗಿ, ಅವನಿಗೆ ಬನವಾಸಿ ನೆನಪಾಗುವುದು ಯಾವಾಗ? ಹಸಿದಾಗ ಅಲ್ಲ, ಅವಮಾನವಾದಾಗ ಅಲ್ಲ. ತೆಂಕಣದ ತಂಗಾಳಿ ಮೈಗೆ ತಾಗಿದಾಗ, ಒಳ್ಳೆಯ ಮಾತು ಕಿವಿಗೆ ಬಿದ್ದಾಗ, ಇಂಪಾದ ಹಾಡು ಕೇಳಿದಾಗ, ಅರಳಿದ ಮಲ್ಲಿಗೆ ಕಂಡಾಗ. ಎಲ್ಲವೂ ಸುಖದ ಗಳಿಗೆಗಳೇ. ಊರ ನೆನಪು ಕಷ್ಟದಲ್ಲಿರುವವರಿಗೆ ಮಾತ್ರ ಬರುವುದೆಂದು ನಾವು ತಿಳಿದಿರುತ್ತೇವೆ. ದುಬೈಯಲ್ಲಿ ಒಳ್ಳೆಯ ಕೆಲಸ, ಮಂಗಳೂರಿನಲ್ಲಿ ಒಳ್ಳೆಯ ಫ್ಲ್ಯಾಟ್ ಇರುವವರಿಗೆ ಇನ್ನೇನು ಚಿಂತೆ ಎನ್ನುತ್ತೇವೆ. ಪಂಪನ ಅನುಭವ ಬೇರೆ. ಸುಖ ಬಂದಾಗಲೇ ಮನಸ್ಸು ತಾನು ಮೊದಲು ಸುಖವನ್ನು ಕಂಡ ಜಾಗಕ್ಕೆ ಓಡುತ್ತದೆ. ಅಂಕುಶದಿಂದ ತಿವಿದು ಆನೆಯನ್ನು ತಿರುಗಿಸಬಹುದು, ಈ ಓಟವನ್ನು ತಿರುಗಿಸಲಾಗದು.

ಕರ್ಣನನ್ನು ನೆನೆದವನು

ಹಾಗೆಂದು ಪಂಪ ತನಗೆ ಅನ್ನ ಕೊಟ್ಟ ನಾಡಿಗೆ ಎರಡು ಬಗೆದವನಲ್ಲ. ಅವನ ಭಾರತದಲ್ಲಿ ಓದುಗರ ಕಣ್ಣು ತೇವವಾಗುವುದು ಕರ್ಣನ ಕಥೆಯಲ್ಲಿ. ಕಾವ್ಯದ ನಾಯಕ ಅರ್ಜುನನಾದರೂ ಭಾರತದಲ್ಲಿ ನೆನೆಯಬೇಕಾದವನು ಯಾರೆಂದರೆ ಕರ್ಣ ಎಂಬುದು ಪಂಪನ ತೀರ್ಮಾನ. ಕರ್ಣ ಹುಟ್ಟಿದ್ದು ಒಂದು ಮನೆಯಲ್ಲಿ, ಬೆಳೆದದ್ದು ಇನ್ನೊಂದು ಮನೆಯಲ್ಲಿ, ಸ್ಥಾನ ಪಡೆದದ್ದು ಮೂರನೆಯ ಮನೆಯಲ್ಲಿ. ಹೆತ್ತ ತಾಯಿ ಕುಂತಿಯೇ ನದೀತೀರಕ್ಕೆ ಬಂದು ಕರೆದಾಗ ಅವನು ಕರಗುತ್ತಾನೆ, ಅವಳನ್ನು ತಾಯಿಯೆಂದು ಒಪ್ಪುತ್ತಾನೆ. ಆದರೆ ತನ್ನನ್ನು ಕೈಹಿಡಿದ ದುರ್ಯೋಧನನನ್ನು ಬಿಟ್ಟು ಬರಲಾರೆನೆಂದು ಹೇಳುತ್ತಾನೆ.

ಈ ಕರ್ಣನನ್ನೂ ಆ ಬನವಾಸಿಯನ್ನೂ ಜೊತೆಯಾಗಿ ನೋಡಿದರೆ ಪಂಪ ಅರ್ಥವಾಗುತ್ತಾನೆ. ಹೆತ್ತ ನೆಲವನ್ನು ಮರೆಯಲಾಗದು, ಅನ್ನವಿತ್ತ ನೆಲಕ್ಕೆ ದ್ರೋಹ ಬಗೆಯಲಾಗದು. ಎರಡನ್ನೂ ಒಂದೇ ಎದೆಯಲ್ಲಿ ಹೊತ್ತು ನಡೆಯಬೇಕು. ಊರು ಬಿಟ್ಟ ಪ್ರತಿಯೊಬ್ಬನ ಹೊರೆಯೂ ಇದೇ.

ತಮ್ಮ ಕೆತ್ತಿಸಿದ ಬಂಡೆ

ಪಂಪನ ತಮ್ಮ ಜಿನವಲ್ಲಭ. ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟ ಎಂಬ ಬೆಟ್ಟವಿದೆ. ಅಲ್ಲಿ ಅವನು ಜಿನಬಿಂಬಗಳನ್ನೂ ಚಕ್ರೇಶ್ವರಿಯ ಮೂರ್ತಿಯನ್ನೂ ಬಂಡೆಯಲ್ಲಿ ಕೆತ್ತಿಸಿ, ಕೆಳಗೆ ಒಂದು ಶಾಸನವನ್ನು ಬರೆಸಿದನು. 20ನೆಯ ಶತಮಾನದಲ್ಲಿ ವಿದ್ವಾಂಸರು ಅದನ್ನು ಓದಿದ ಮೇಲೆಯೇ ಪಂಪನ ತಾಯಿಯ ಹೆಸರು, ಅವಳ ತವರಾದ ಅಣ್ಣಿಗೇರಿಯ ಹೆಸರು ಲೋಕಕ್ಕೆ ತಿಳಿದದ್ದು. ಇಬ್ಬರು ಗಂಡುಮಕ್ಕಳು ನೂರಾರು ಮೈಲಿ ದೂರದಲ್ಲಿ ನೆಲೆಸಿದ್ದರೂ ತಾಯಿಯ ಊರಿನ ಹೆಸರನ್ನು ಕಲ್ಲಿನಲ್ಲಿ ಉಳಿಸಿದರು.

ಆ ಶಾಸನ ಮೂರು ಭಾಷೆಗಳಲ್ಲಿದೆ. ಸಂಸ್ಕೃತ, ಕನ್ನಡ ಮತ್ತು ತೆಲುಗು. ಅದರಲ್ಲಿರುವ ತೆಲುಗು ಕಂದಪದ್ಯಗಳು ತಮ್ಮ ಭಾಷೆಯ ಅತಿ ಹಳೆಯ ಕಂದಪದ್ಯಗಳೆಂದು ತೆಲುಗು ವಿದ್ವಾಂಸರು ಗೌರವಿಸುತ್ತಾರೆ. ಜಿನವಲ್ಲಭ ಅಲ್ಲಿ ಕೆರೆ ಕಟ್ಟಿಸಿ ಅಣ್ಣನ ಬಿರುದಿನಿಂದ ಅದನ್ನು ಕವಿತಾಗುಣಾರ್ಣವ ಕೆರೆ ಎಂದು ಕರೆದನು, ಮದನವಿಲಾಸವೆಂಬ ತೋಟವನ್ನೂ ಬೆಳೆಸಿದನು. ಅಣ್ಣ ಬನವಾಸಿಯ ತೋಟವನ್ನು ಕಾವ್ಯದಲ್ಲಿ ನೆನೆದನು, ತಮ್ಮ ಬಂದ ನೆಲದಲ್ಲಿಯೇ ಹೊಸ ತೋಟ ಮಾಡಿದನು. ನೆನಪು ಕೊರಗಾಗಿ ಕೊಳೆಯದೆ ನೀರಾಗಿ ಹರಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಪವಿತ್ರ ಬೈಬಲ್ ಓದುವವರಿಗೆ ಇದು ಹೊಸದಲ್ಲ. ಬಾಬಿಲೋನಿನ ನದಿಗಳ ದಂಡೆಯಲ್ಲಿ ಕುಳಿತು ಸಿಯೋನನ್ನು ನೆನೆದು ಅತ್ತವರ ಕೀರ್ತನೆ ನಮಗೆ ಗೊತ್ತು. ಅದೇ ಸೆರೆಯಾಳುಗಳಿಗೆ ಪ್ರವಾದಿ ಯೆರೆಮೀಯನು ಪತ್ರ ಬರೆದು, ಅಲ್ಲಿಯೇ ಮನೆ ಕಟ್ಟಲು, ತೋಟ ನೆಡಲು, ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಲು ತಿಳಿಸಿದನು. ಆ ಕಣ್ಣೀರೂ ಈ ತೋಟವೂ ಒಂದೇ ಗ್ರಂಥದಲ್ಲಿವೆ.

ನಮ್ಮ ನಡುವಿನ ಬನವಾಸಿಗಳು

ಕರಾವಳಿಯ ಕಥೋಲಿಕರಿಗೆ ಊರು ಬಿಡುವುದು ಕೇವಲ ಇಂದಿನ ವಿಷಯವಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ 1784ರಲ್ಲಿ ನಮ್ಮ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರಲ್ಲಿ ಸೆರೆ ಬಿಡುಗಡೆಯಾದಾಗ ಬದುಕಿ ಉಳಿದವರಲ್ಲಿ ಬಹಳ ಮಂದಿ ನಡೆದು ಬಂದು ಸೇರಿದ್ದು ತಾವು ಬಿಟ್ಟುಹೋದ ಕರಾವಳಿಯನ್ನೇ. 15 ವರ್ಷಗಳ ನೆನಪೇ ಅವರಿಗೆ ದಾರಿ ತೋರಿಸಿತು.

ಅಳ್ನಾವರದ ಸುತ್ತಲೂ ಇಂಥ ಕಥೆಗಳು ಎಷ್ಟೋ ಇವೆ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯಲ್ಲಿ ರಾಮನಗರ ಸಿಗುತ್ತದೆ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ನೀರಿನಡಿ ಹೋದ ಊರುಗಳ ಜನರಿಗೆ ಪುನರ್ವಸತಿಯಾದ ಊರು ಅದು. ಅವರಿಗೆ ಹಿಂದಿರುಗಿ ಹೋಗಿ ನೋಡಲು ಹಳೆಯ ಮನೆಯ ಗೋಡೆಯೂ ಇಲ್ಲ, ಇರುವುದು ಜಲಾಶಯ. ಹಳಿಯಾಳ, ಯಲ್ಲಾಪುರ, ಕಲಘಟಗಿಯ ಕಾಡಂಚಿನಲ್ಲಿರುವ ಸಿದ್ದಿಗಳ ಪೂರ್ವಿಕರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ತರಲಾಯಿತು. ಅವರಲ್ಲಿ ಕಥೋಲಿಕರೂ ಇದ್ದಾರೆ, ಮುಸ್ಲಿಮರೂ ಹಿಂದೂಗಳೂ ಇದ್ದಾರೆ. ಆಫ್ರಿಕದ ಊರ ಹೆಸರುಗಳು ಮರೆತುಹೋದರೂ ಡಮಾಮಿಯ ಬಡಿತ ಅವರ ಕೈಯಲ್ಲಿ ಉಳಿದಿದೆ.

ಕಾರವಾರ ಅಂಕೋಲೆಗಳ ತೀರದಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ನೆಲ ಬಿಟ್ಟುಕೊಟ್ಟವು. 2005ರಲ್ಲಿ ಕಾರ್ಯಾರಂಭ ಮಾಡಿದ ಆ ನೆಲೆಗೆ ಇಟ್ಟ ಹೆಸರು ಐಎನ್‌ಎಸ್ ಕದಂಬ. ಕದಂಬರೆಂದರೆ ಬನವಾಸಿಯ ದೊರೆಗಳು. ದೇಶದ ರಕ್ಷಣೆಗೆ ನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬನವಾಸಿಯ ಅರಸರ ಹೆಸರು ಹೊತ್ತ ಆ ನೆಲದಿಂದ ಎದ್ದು ಹೋದವರ ಮನಸ್ಸಿನಲ್ಲಿಯೂ ಒಂದು ಬನವಾಸಿ ಇದೆ ಎಂಬುದನ್ನು ಮರೆಯಬಾರದು. ಪರಿಹಾರದ ಹಣ ಹೊಸ ಮನೆಗೆ ಸಾಕಾಗಬಹುದು. ತೆಂಗಿನ ಮರ, ಬಾವಿಕಟ್ಟೆ, ನೆರೆಮನೆ, ಸಮಾಧಿಭೂಮಿ ಇವುಗಳಿಗೆ ದರಪಟ್ಟಿ ಇರುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಬೇರೆ ಊರಿನಿಂದ ನಮ್ಮ ಧರ್ಮಕೇಂದ್ರಕ್ಕೆ ಒಂದು ಕುಟುಂಬ ಬಂದಾಗ ಹೆಸರು ಬರೆದುಕೊಂಡು ವಂತಿಗೆಯ ಲೆಕ್ಕ ತಿಳಿಸುವುದಕ್ಕೆ ನಮ್ಮ ಕೆಲಸ ಮುಗಿಯಬಾರದು. ಗುರಿಕಾರರು ಅವರ ಮನೆಗೆ ಹೋದಾಗ ಯಾವ ಊರಿನವರು, ಅಲ್ಲಿಯ ಹಬ್ಬ ಯಾವಾಗ, ಹಿರಿಯರ ಸಮಾಧಿ ಎಲ್ಲಿದೆ ಎಂದು ಕೇಳಲಿ. ಆ ಊರಿನ ಪಾಲಕ ಸಂತರ ದಿನದಂದು ಅವರಿಗಾಗಿ ಒಂದು ಪ್ರಾರ್ಥನೆ ಸೇರಿಸಬಹುದು. ಅವರ ಹಾಡನ್ನು ನಮ್ಮ ಗಾಯನ ಮಂಡಳಿ ಕಲಿಯಬಹುದು. ಬಂದು ಇಷ್ಟು ವರ್ಷವಾದರೂ ಇನ್ನೂ ಆ ಊರಿನದೇ ಮಾತೇ ಎಂದು ಮುದುಕರನ್ನು ಮನೆಯವರೇ ಗದರಿಸುವುದುಂಟು. ಅಂಥವರಿಗೆ ಪಂಪನ ಕಥೆಯನ್ನು ಹೇಳಬೇಕು. ಹಳೆಯ ಊರನ್ನು ನೆನೆಯುವವರು ಹೊಸ ಊರನ್ನು ತಿರಸ್ಕರಿಸುತ್ತಿಲ್ಲ.

ಊರು ಬಿಟ್ಟು ಹೋದ ನಮ್ಮ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಮೊಂತಿ ಹಬ್ಬದ ಆಶೀರ್ವದಿಸಿದ ತೆನೆಯನ್ನು ಲಕೋಟೆಯಲ್ಲಿಟ್ಟು ಪರದೇಶದಲ್ಲಿರುವವರಿಗೆ ಅಂಚೆಯಲ್ಲಿ ಕಳಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ನಾಲ್ಕು ಭತ್ತದ ಕಾಳಿಗೆ ಅಂಚೆ ಖರ್ಚೇ ಹೆಚ್ಚು. ಆದರೂ ಕಳಿಸುತ್ತೇವೆ. ಆ ಕಾಳಿನ ಜೊತೆ ಮನೆಯ ಮಾತೂ ಹೋಗಲಿ. ಮೊಮ್ಮಕ್ಕಳಿಗೆ ಫೋನಿನಲ್ಲಿ ಕೊಂಕಣಿಯಲ್ಲೋ ಕನ್ನಡದಲ್ಲೋ ನಾಲ್ಕು ಮಾತಾಡಿ, ಅಜ್ಜಿಯ ತವರಿನ ಹೆಸರು ಹೇಳಿ. ಅಬ್ಬಣಬ್ಬೆಯ ತವರು ಇಂದು ನಮಗೆ ತಿಳಿದಿರುವುದು ಅವಳ ಮಗನೊಬ್ಬ ಅದನ್ನು ಮರೆಯದೆ ಬರೆಸಿಟ್ಟದ್ದರಿಂದ.

ಉಳಿದ ಹೆಸರು

ಪಂಪನ ಕಾವ್ಯಗಳು ಶತಮಾನಗಳ ಕಾಲ ತಾಳೆಗರಿಗಳಲ್ಲಿ ಉಳಿದುಬಂದವು. ಬಿ.ಎಲ್. ರೈಸ್ ಅವರು 1898ರಲ್ಲಿ ಪಂಪಭಾರತವನ್ನು ಅಚ್ಚು ಹಾಕಿಸಿದರು. ಕರ್ನಾಟಕ ಸರ್ಕಾರ 1987ರಲ್ಲಿ ಪಂಪ ಪ್ರಶಸ್ತಿಯನ್ನು ಆರಂಭಿಸಿ ಮೊದಲಿಗೆ ಕುವೆಂಪು ಅವರಿಗೆ ನೀಡಿತು. ಬನವಾಸಿಯ ಕದಂಬೋತ್ಸವದಲ್ಲಿ ಈ ಪ್ರಶಸ್ತಿಯನ್ನು ಪ್ರದಾನ ಮಾಡುವ ಸಂಪ್ರದಾಯ ಬೆಳೆದು ಬಂದಿದೆ. ತನಗೆ ಅಗ್ರಹಾರ ಕೊಟ್ಟ ವೇಮುಲವಾಡದಲ್ಲಿ ಅಲ್ಲ, ತಾಯಿಯ ಊರಾದ ಅಣ್ಣಿಗೇರಿಯಲ್ಲೂ ಅಲ್ಲ, ತಾನು ದೂರದಿಂದ ನೆನೆದ ಬನವಾಸಿಯಲ್ಲಿಯೇ ಪಂಪನ ಹೆಸರಿನ ಗೌರವ ಸಲ್ಲುತ್ತದೆ. ಅವನು ಆ ನಾಡನ್ನು ಮರೆಯಲಿಲ್ಲ, ಆ ನಾಡೂ ಅವನನ್ನು ಮರೆಯಲಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯ ಹಿರಿಯರು ಬಿಟ್ಟು ಬಂದ ಊರು ಯಾವುದು? ಈ ವಾರ ಕೇಳಿ ತಿಳಿದುಕೊಳ್ಳಿ, ಒಂದು ಕಾಗದದಲ್ಲಿ ಬರೆದಿಡಿ. ಹೇಳುವವರು ಇರುವಾಗಲೇ ಕೇಳಬೇಕು.